ಹೊರದೇಶದಲ್ಲಿ ಸಾವು: ‘ಯಾಕೆ’ ಅಂತ ಯಾರನ್ನ ಕೇಳೋದು? ಸವಿತಾ ಹಾಲಪ್ಪನವರ ಕುಟುಂಬ ತಟ್ಟಿದ ಬಾಗಿಲುಗಳು

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಬಸ್ಸಲ್ಲಿದ್ದೀರಿ, ಇಯರ್‌ಫೋನ್ ಇಲ್ಲ ಅಂದ್ರೆ ಇಲ್ಲೇ ಓದಿಕೊಳ್ಳಿ.)

ನಾನು ಮಾತಾಡ್ತಿರೋದು ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಪಾಳ್ಯದಿಂದ.

ಆಲೂರು, ಸಕಲೇಶಪುರ ಕಡೆಯವರಿಗೆ ಇದು ಗೊತ್ತಿರೋ ವಿಷಯ. ತೋಟದಲ್ಲಿ ಯಾರಾದ್ರೂ ಕಾಡಾನೆ ತುಳಿತಕ್ಕೆ ಸತ್ತರೆ ಜನ ಸೇರ್ತಾರೆ. ಅರಣ್ಯ ಇಲಾಖೆಯ ದೊಡ್ಡ ಅಧಿಕಾರಿ ಬರಲಿ, ಜಿಲ್ಲಾಧಿಕಾರಿ ಬರಲಿ, ಅಲ್ಲಿವರೆಗೂ ಶವ ಎತ್ತಲ್ಲ ಅಂತ ರಸ್ತೆಯಲ್ಲೇ ಕೂರ್ತಾರೆ. ಅದು ಸರಿಯೋ ತಪ್ಪೋ ಬೇರೆ ಮಾತು. ಆದ್ರೆ ಅಲ್ಲಿ ಮನೆಯವರಿಗೆ ಒಂದು ಶಕ್ತಿ ಇದೆ. ಅವರು ಸ್ಥಳದಲ್ಲೇ ಇದ್ದಾರೆ. ಉತ್ತರ ಕೊಡಬೇಕಾದವರು ಎದುರಿಗೆ ಬಂದು ನಿಲ್ಲಲೇಬೇಕು. ಇಬ್ಬರ ಭಾಷೆಯೂ ಒಂದೇ.

ಅದೇ ಸಾವು ದುಬೈನಲ್ಲೋ, ಲಂಡನ್‌ನಲ್ಲೋ, ಡಬ್ಲಿನ್‌ನಲ್ಲೋ ಆದರೆ? ನಮ್ಮ ಕಡೆಯಿಂದಲೂ ಓದೋಕೆ, ನರ್ಸಿಂಗ್ ಕೆಲಸಕ್ಕೆ, ಸಾಫ್ಟ್‌ವೇರ್‌ಗೆ, ಡ್ರೈವಿಂಗ್‌ಗೆ ಅಂತ ಹುಡುಗ ಹುಡುಗಿಯರು ಹೋಗ್ತಾನೇ ಇದ್ದಾರೆ. ಮನೆಗೆ ಒಂದು ಫೋನ್ ಬರುತ್ತೆ. ‘ಹೀಗಾಯ್ತು’ ಅಂತಾರೆ. ಹೇಗಾಯ್ತು, ಯಾಕಾಯ್ತು ಅಂತ ಕೇಳೋಕೆ ಇಲ್ಲಿರೋ ಅಪ್ಪ ಅಮ್ಮನಿಗೆ ಯಾವ ಬಾಗಿಲು ತಟ್ಟಬೇಕು ಅನ್ನೋದೇ ಗೊತ್ತಿರಲ್ಲ.

ಅದನ್ನ ಅರ್ಥ ಮಾಡಿಕೊಳ್ಳೋಕೆ ಇವತ್ತು ನಾನು ತಗೊಂಡಿರೋದು ನಮ್ಮ ರಾಜ್ಯದ್ದೇ ಒಂದು ಪ್ರಕರಣ: ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ. ಹೆಸರು ನೀವು ಕೇಳಿರಬಹುದು, ‘ಐರ್ಲೆಂಡ್‌ನ ಗರ್ಭಪಾತ ಕಾನೂನು ಬದಲಾಯಿಸಿದ ಸಾವು’ ಅಂತ. ಅದು ಕಥೆಯ ಕೊನೇ ಪುಟ. ನನಗೆ ಹೇಳಬೇಕಾಗಿರೋದು ನಡುವಿನ ಪುಟಗಳು. ಆ ಮನೆಯವರು ‘ಯಾಕೆ’ ಅನ್ನೋ ಒಂದೇ ಪ್ರಶ್ನೆ ಹಿಡಿದು ಹೋದರು. ಉತ್ತರ ಒಂದೇ ಕಡೆ ಸಿಗಲಿಲ್ಲ. ನಾಲ್ಕು ಬಾಗಿಲು ತಟ್ಟಬೇಕಾಯಿತು. ಒಂದೊಂದು ಬಾಗಿಲೂ ಒಂದೊಂದು ತುಂಡು ಉತ್ತರ ಕೊಟ್ಟಿತು.

ಆ ಒಂದು ವಾರ

ಸವಿತಾ ದಂತವೈದ್ಯೆ, ವಯಸ್ಸು 31. ಗಂಡ ಪ್ರವೀಣ ಇಂಜಿನಿಯರ್. ಮದುವೆಯಾಗಿದ್ದು 2008ರಲ್ಲಿ. ಇಬ್ಬರೂ ಇದ್ದದ್ದು ಐರ್ಲೆಂಡ್‌ನ ಪಶ್ಚಿಮ ಕರಾವಳಿಯ ಗಾಲ್ವೇ ಊರಿನಲ್ಲಿ. 2012ರ ಅಕ್ಟೋಬರ್‌ನಲ್ಲಿ ಸವಿತಾ 17 ವಾರದ ಬಸುರಿ. ಮಗಳನ್ನ ನೋಡೋಕೆ ಅಪ್ಪ ಅಂದಾನಪ್ಪ ಯಾಳಗಿ, ಅಮ್ಮ ಅಕ್ಕಮಹಾದೇವಿ ಕೂಡ ಬೆಳಗಾವಿಯಿಂದ ಹೋಗಿದ್ದರು.

ಅಕ್ಟೋಬರ್ 21, ಭಾನುವಾರ. ಸವಿತಾಗೆ ಬೆನ್ನು ನೋವು. ಯೂನಿವರ್ಸಿಟಿ ಹಾಸ್ಪಿಟಲ್ ಗಾಲ್ವೇಗೆ ಹೋದರು. ಮೊದಲು ಮನೆಗೆ ಕಳಿಸಿದರು. ಅದೇ ದಿನ ನೋವು ಜಾಸ್ತಿಯಾಗಿ ಮತ್ತೆ ಹೋದಾಗ ಸೇರಿಸಿಕೊಂಡರು. ಗರ್ಭ ನಿಲ್ಲೋದಿಲ್ಲ, ಗರ್ಭಪಾತ ಆಗೇ ಆಗುತ್ತೆ ಅಂತ ಡಾಕ್ಟರುಗಳು ಹೇಳಿದರು. ಅಂದು ತೆಗೆದ ರಕ್ತದಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಹೆಚ್ಚಿತ್ತು. ಅದು ಸೋಂಕಿನ ಸೂಚನೆ ಇರಬಹುದು. ಆ ರಿಪೋರ್ಟನ್ನ ಯಾರೂ ಬೆನ್ನು ಹತ್ತಲಿಲ್ಲ.

ಆ ರಾತ್ರಿ 12 ಗಂಟೆ ದಾಟಿದ ಮೇಲೆ ನೀರು ಒಡೆಯಿತು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಇಡೀ ಪ್ರಕರಣ ನಿಂತಿರೋದು ಇದರ ಮೇಲೆ. 17 ವಾರಕ್ಕೆ ನೀರು ಒಡೆದರೆ ಮಗು ಉಳಿಯೋದಿಲ್ಲ. ಆದ್ರೆ ತಾಯಿಯ ಗರ್ಭಕೋಶಕ್ಕೆ ಸೋಂಕು ಹೋಗೋಕೆ ದಾರಿ ತೆರೆದುಕೊಳ್ಳುತ್ತೆ. ಗಂಟೆ ಕಳೆದಂತೆ ಅಪಾಯ ಏರುತ್ತೆ. ಸೋಂಕು ರಕ್ತಕ್ಕೆ ಇಳಿದು ಮೈಯೆಲ್ಲ ನಂಜಾದರೆ ಅದಕ್ಕೆ ಸೆಪ್ಸಿಸ್ ಅಂತಾರೆ. ಆಗ ಉಸಿರಾಟ, ಮೂತ್ರಪಿಂಡ, ಹೃದಯ ಒಂದೊಂದಾಗಿ ಸೋಲುತ್ತವೆ.

ಮಂಗಳವಾರ, 23. ಉಳಿಯದ ಗರ್ಭ ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಅಂತ ಸವಿತಾ ಕೇಳಿದರು. ಮಗುವಿನ ಎದೆಬಡಿತ ಇನ್ನೂ ಇದೆ, ಇಲ್ಲಿನ ಕಾನೂನಿನಲ್ಲಿ ಆಗೋದಿಲ್ಲ ಅಂತ ಉತ್ತರ ಬಂತು. ಅದೇ ಹೊತ್ತಿಗೆ ಅಪ್ಪ ಅಮ್ಮನ ವಾಪಸ್ ಪ್ರಯಾಣದ ದಿನವೂ ಬಂದಿತ್ತು. ಮಗಳು ಆಸ್ಪತ್ರೆಯಲ್ಲಿರುವಾಗಲೇ ಅವರು ಊರಿಗೆ ಹೊರಟರು.

ಬುಧವಾರ ಬೆಳಗಿನ ಜಾವ ಚಳಿ ನಡುಕ, ಜೋರು ಜ್ವರ. ಆಗ ಸೆಪ್ಸಿಸ್ ಅಂತ ಗುರುತಿಸಿದರು. ಮಧ್ಯಾಹ್ನ ತಾನಾಗೇ ಹೆರಿಗೆಯಾಯಿತು. ಹೆಣ್ಣು ಮಗು, ಜೀವ ಇರಲಿಲ್ಲ. ಸವಿತಾರನ್ನ ತೀವ್ರ ನಿಗಾ ಘಟಕಕ್ಕೆ ಒಯ್ದರು. ಅಕ್ಟೋಬರ್ 28ರ ನಡುರಾತ್ರಿ ಕಳೆದ ಮೇಲೆ ಸವಿತಾ ತೀರಿಕೊಂಡರು.

ಬೆನ್ನು ನೋವು ಅಂತ ಹೋದವರು ಎಂಟನೇ ದಿನಕ್ಕೆ ಇಲ್ಲ. ಊರು ತಲುಪಿದ ಅಪ್ಪ ಅಮ್ಮನ ಸ್ಥಿತಿ ಯೋಚನೆ ಮಾಡಿ. ಅವರಿಗೆ ಗೊತ್ತಿದ್ದದ್ದು ಇಷ್ಟೇ: ಹೊರಡೋವಾಗ ಮಗಳು ಮಾತಾಡ್ತಿದ್ದಳು.

ಮೊದಲ ಬಾಗಿಲು: ಪೋಸ್ಟ್‌ಮಾರ್ಟಂ

ಗಾಲ್ವೇಯಲ್ಲೇ ಮರಣೋತ್ತರ ಪರೀಕ್ಷೆ ಆಯಿತು. ಆಮೇಲೆ ಪ್ರವೀಣ ಹೆಂಡತಿಯ ದೇಹವನ್ನ ಬೆಳಗಾವಿಗೆ ತಂದರು. ನವೆಂಬರ್ ಮೊದಲ ವಾರ ಅಂತ್ಯಕ್ರಿಯೆ ನಡೆಯಿತು.

ಪರೀಕ್ಷೆ ಕೊಟ್ಟ ಉತ್ತರ ವೈದ್ಯಕೀಯ ಭಾಷೆಯದ್ದು: ಸೆಪ್ಟಿಕ್ ಶಾಕ್. ಕಾರಣ ಇ-ಕೋಲೈ ಅನ್ನೋ ಬ್ಯಾಕ್ಟೀರಿಯಾ, ಅದರಲ್ಲೂ ಎಷ್ಟೋ ಆಂಟಿಬಯೋಟಿಕ್‌ಗಳಿಗೆ ಬಗ್ಗದ ತಳಿ.

ಇದು ಉತ್ತರ ಹೌದು. ಆದ್ರೆ ‘ಯಾವುದರಿಂದ’ ಅನ್ನೋದಕ್ಕೆ ಮಾತ್ರ ಉತ್ತರ. ಆಸ್ಪತ್ರೆಯ ಒಳಗೇ ಇದ್ದ ಮನುಷ್ಯರಿಗೆ ಆ ಸೋಂಕು ಅಷ್ಟು ಬೆಳೆಯೋಕೆ ಬಿಟ್ಟದ್ದು ಹೇಗೆ ಅನ್ನೋದಕ್ಕೆ ಪೋಸ್ಟ್‌ಮಾರ್ಟಂ ಟೇಬಲ್ ಮೇಲೆ ಉತ್ತರ ಸಿಗಲ್ಲ. ಎಷ್ಟೋ ಮನೆಗಳು ಮರಣ ಪ್ರಮಾಣಪತ್ರದಲ್ಲಿರೋ ಆ ಒಂದು ಸಾಲು ಓದಿ ಇಲ್ಲೇ ನಿಂತುಬಿಡ್ತಾರೆ. ಪ್ರವೀಣ ನಿಲ್ಲಲಿಲ್ಲ.

ಎರಡನೇ ಬಾಗಿಲು: ಆಸ್ಪತ್ರೆಯದ್ದೇ ತನಿಖೆ

2012ರ ನವೆಂಬರ್ 14ರಂದು ‘ಐರಿಶ್ ಟೈಮ್ಸ್’ ಪತ್ರಿಕೆ ಸುದ್ದಿ ಪ್ರಕಟಿಸಿತು. ಬರೆದವರು ಕಿಟ್ಟಿ ಹಾಲೆಂಡ್ ಮತ್ತು ಪಾಲ್ ಕಲನ್. ಪ್ರವೀಣ ಬೆಳಗಾವಿಯಿಂದಲೇ ಫೋನಿನಲ್ಲಿ ಪತ್ರಿಕೆಗೆ ಮಾತಾಡಿದ್ದರು. ಗರ್ಭ ತೆಗೆಯಿರಿ ಅಂತ ಕೇಳಿದಾಗ ‘ಇದು ಕ್ಯಾಥೊಲಿಕ್ ದೇಶ’ ಅಂತ ಆಸ್ಪತ್ರೆಯಲ್ಲಿ ಹೇಳಿದರು ಅಂತ ಅವರು ತಿಳಿಸಿದರು. ಕೆಲವೇ ದಿನಗಳಲ್ಲಿ ಡಬ್ಲಿನ್ ಬೀದಿಗಳಲ್ಲಿ ಸಾವಿರಾರು ಜನ ಸೇರಿದರು. ದೆಹಲಿಯಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಐರ್ಲೆಂಡ್ ರಾಯಭಾರಿಯನ್ನ ಕರೆಸಿ ಕಳವಳ ತಿಳಿಸಿತು.

ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಹೆಸರು ಎಚ್‌ಎಸ್‌ಇ. ಆ ಆಸ್ಪತ್ರೆಯನ್ನ ನಡೆಸೋದೂ ಅದೇ. ಅದು ಒಂದು ತನಿಖಾ ತಂಡ ಮಾಡಿತು. ಅಧ್ಯಕ್ಷರು ಸರ್ ಸಬಾರತ್ನಂ ಅರುಳ್‌ಕುಮಾರನ್, ಶ್ರೀಲಂಕಾ ಮೂಲದವರು, ಲಂಡನ್‌ನ ಹೆಸರಾಂತ ಪ್ರಸೂತಿ ತಜ್ಞರು. ಅದು ಸರಿ. ಆದ್ರೆ ತಂಡದಲ್ಲಿ ಅದೇ ಗಾಲ್ವೇ ಆಸ್ಪತ್ರೆಯ ಮೂವರು ಕನ್ಸಲ್ಟೆಂಟ್‌ಗಳೂ ಇದ್ದರು.

ಪ್ರವೀಣ ಒಪ್ಪಲಿಲ್ಲ. ತಮ್ಮದೇ ಆಸ್ಪತ್ರೆಯ ಬಗ್ಗೆ ತಾವೇ ತೀರ್ಪು ಕೊಡೋದು ಹೇಗೆ? ಹೆಂಡತಿಯ ವೈದ್ಯಕೀಯ ದಾಖಲೆ ಈ ತಂಡದ ಕೈಗೆ ಹೋಗೋಕೆ ನನ್ನ ಒಪ್ಪಿಗೆ ಇಲ್ಲ ಅಂದರು. ನವೆಂಬರ್ 20ರಂದು ಆ ಮೂವರನ್ನೂ ತಂಡದಿಂದ ಕೈಬಿಟ್ಟರು. ಪ್ರವೀಣ ಕೇಳಿದ್ದು ಅದಕ್ಕಿಂತ ದೊಡ್ಡದು, ಎಲ್ಲರ ಎದುರಿಗೆ ನಡೆಯುವ ಸಾರ್ವಜನಿಕ ವಿಚಾರಣೆ. ಅದು ಮಾತ್ರ ಅವರಿಗೆ ಸಿಗಲೇ ಇಲ್ಲ.

ಈ ಘಟ್ಟದಲ್ಲಿ ಹೊರಬಂದ ಒಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಸವಿತಾರ ಆಸ್ಪತ್ರೆ ಫೈಲಿನ ಪ್ರತಿಯನ್ನ ಪ್ರವೀಣ ಮತ್ತು ಅವರ ವಕೀಲರು ತರಿಸಿ ಓದಿದರು. ಊಟ, ಚಹಾ ಕೊಟ್ಟಿದ್ದರ ಬಗ್ಗೆ ಬರಹ ಇತ್ತು. ಆದ್ರೆ ಗರ್ಭ ತೆಗೆಯಿರಿ ಅಂತ ಸವಿತಾ ಕೇಳಿಕೊಂಡದ್ದು ಫೈಲಿನಲ್ಲಿ ಇರಲೇ ಇಲ್ಲ ಅಂತ ಅವರು ಬಹಿರಂಗವಾಗಿ ಹೇಳಿದರು.

ತೋಟದ ಕೆಲಸ ನೋಡಿದವರಿಗೆ ಇದರ ತೂಕ ಬೇಗ ಅರ್ಥವಾಗುತ್ತೆ. ರೈಟರ್ ಚೆಕ್‌ರೋಲ್‌ನಲ್ಲಿ ಹಾಜರಿ ಹಾಕದಿದ್ದರೆ ನೀವು ದಿನವಿಡೀ ಕಾಫಿ ಕುಯ್ದಿದ್ದರೂ ಆ ದಿನ ನೀವು ಕೆಲಸಕ್ಕೆ ಬಂದೇ ಇಲ್ಲ. ಆಸ್ಪತ್ರೆ ಫೈಲೂ ಹಾಗೇ. ಬರೆಯದೇ ಇರೋದು ಆಗೇ ಇಲ್ಲ ಅನ್ನೋ ಲೆಕ್ಕ. ಆ ಫೈಲಿನ ಮೇಲಷ್ಟೇ ತನಿಖೆ ಮಾಡಿದ್ದರೆ, ಸವಿತಾ ಏನನ್ನೂ ಕೇಳಿರಲೇ ಇಲ್ಲ ಅಂತ ಆಗಿಬಿಡ್ತಿತ್ತು.

ಮೂರನೇ ಬಾಗಿಲು: ಕೊರೋನರ್ ಮುಂದೆ

ಇಲ್ಲಿ ಒಂದು ಹೊಸ ಪದ: ಕೊರೋನರ್. ನಮ್ಮಲ್ಲಿ ಅನುಮಾನಾಸ್ಪದ ಸಾವಾದರೆ ಪೊಲೀಸರು ಬಂದು ಪಂಚನಾಮೆ ಮಾಡ್ತಾರೆ. ಕೆಲವು ಸಾವುಗಳಿಗೆ ಮ್ಯಾಜಿಸ್ಟ್ರೇಟ್ ವಿಚಾರಣೆ ಇರುತ್ತೆ. ಐರ್ಲೆಂಡ್‌ನಲ್ಲಿ ಈ ಕೆಲಸಕ್ಕೆ ಅಂತಲೇ ಪೊಲೀಸರಲ್ಲದ ಒಬ್ಬ ಸ್ವತಂತ್ರ ಅಧಿಕಾರಿ ಇರ್ತಾರೆ. ಅವರೇ ಕೊರೋನರ್. ಅವರು ನಡೆಸೋ ವಿಚಾರಣೆಗೆ ಇನ್‌ಕ್ವೆಸ್ಟ್ ಅಂತಾರೆ. ಅಲ್ಲಿ ಇದು ನಡೆಯೋದು 1962ರ ಕಾಯ್ದೆಯ ಪ್ರಕಾರ. ಸತ್ತವರು ಯಾರು, ಯಾವಾಗ, ಎಲ್ಲಿ, ಹೇಗೆ ಸತ್ತರು ಅಂತ ಅದು ಕೇಳುತ್ತೆ. ಯಾರು ಅಪರಾಧಿ ಅಂತ ಹೇಳೋ ಅಧಿಕಾರ ಅದಕ್ಕಿಲ್ಲ.

‘ಅಪರಾಧಿ ಯಾರು ಅಂತ ಹೇಳದ ವಿಚಾರಣೆಯಿಂದ ಏನು ಪ್ರಯೋಜನ?’ ಅಂತ ನಿಮಗೆ ಅನ್ನಿಸಬಹುದು. ಪ್ರಯೋಜನ ದೊಡ್ಡದು. ಇದು ನಡೆಯೋದು ತೆರೆದ ಕೋಣೆಯಲ್ಲಿ. ಪತ್ರಕರ್ತರು ಕೂತಿರ್ತಾರೆ. ಡಾಕ್ಟರು, ನರ್ಸು ಎಲ್ಲರೂ ಪ್ರಮಾಣ ಮಾಡಿ ಮಾತಾಡಬೇಕು. ಮತ್ತೆ ಸತ್ತವರ ಮನೆಯವರ ವಕೀಲರು ಅವರಿಗೆ ನೇರ ಪ್ರಶ್ನೆ ಹಾಕಬಹುದು.

2013ರ ಏಪ್ರಿಲ್ 8ರಿಂದ ಗಾಲ್ವೇಯಲ್ಲಿ ಸಾಕ್ಷಿಗಳ ವಿಚಾರಣೆ ನಡೆಯಿತು. ಕೊರೋನರ್ ಡಾ. ಕಿಯರನ್ ಮೆಕ್‌ಲಾಕ್ಲಿನ್, ಜೊತೆಗೆ 11 ಜನ ಜೂರಿ. ಫೈಲಿನಲ್ಲಿ ಇಲ್ಲದೇ ಇದ್ದದ್ದು ಇಲ್ಲಿ ಬಾಯಿಂದ ಹೊರಬಂತು.

ಮಂಗಳವಾರ ಸವಿತಾ ಗರ್ಭ ತೆಗೆಯಲು ಕೇಳಿದ್ದು ನಿಜ ಅಂತ ಕನ್ಸಲ್ಟೆಂಟ್ ಒಪ್ಪಿದರು. ‘ಕ್ಯಾಥೊಲಿಕ್ ದೇಶ’ ಅನ್ನೋ ಮಾತು ಆಡಿದ್ದು ನಾನೇ ಅಂತ ಒಬ್ಬ ಹಿರಿಯ ಸೂಲಗಿತ್ತಿ ನರ್ಸ್ ಒಪ್ಪಿಕೊಂಡರು. ಇಲ್ಲಿನ ಪರಿಸ್ಥಿತಿ ವಿವರಿಸೋಕೆ ಹೇಳಿದ್ದು, ನೋಯಿಸೋಕೆ ಅಲ್ಲ ಅಂದರು. ಅಲ್ಲಿವರೆಗೆ ಪ್ರವೀಣ ಸುಳ್ಳು ಹೇಳ್ತಿರಬಹುದು ಅಂದುಕೊಂಡಿದ್ದವರೂ ಇದ್ದರು. ಅವತ್ತಿಗೆ ಆ ಅನುಮಾನ ಮುಗಿಯಿತು.

ಇನ್ನೂ ಇತ್ತು. ನೀರು ಒಡೆದ ಮೇಲೆ ನಾಲ್ಕು ಗಂಟೆಗೊಮ್ಮೆ ಜ್ವರ, ನಾಡಿ ನೋಡಬೇಕು ಅನ್ನೋದು ಆಸ್ಪತ್ರೆಯದ್ದೇ ನಿಯಮ, ಅದು ಸರಿಯಾಗಿ ನಡೆದಿರಲಿಲ್ಲ. ಬುಧವಾರ ಬೆಳಿಗ್ಗೆ ಕಿರಿಯ ವೈದ್ಯರು ಸೋಂಕಿನ ಲಕ್ಷಣ ಬರೆದಿಟ್ಟಿದ್ದರು. ರೌಂಡ್ಸ್‌ಗೆ ಬಂದ ಹಿರಿಯ ವೈದ್ಯರು ಆ ಸಾಲನ್ನ ಓದಿರಲಿಲ್ಲ. ಸೆಪ್ಸಿಸ್ ಎಷ್ಟು ಏರಿದೆ ಅಂತ ತೋರಿಸೋ ರಕ್ತದ ಸ್ಯಾಂಪಲ್ ತಪ್ಪು ಬಾಟಲಿಯಲ್ಲಿ ಹೋಗಿ, ಲ್ಯಾಬ್ ಅದನ್ನ ತಿರಸ್ಕರಿಸಿತ್ತು.

ತಜ್ಞ ಸಾಕ್ಷಿಯಾಗಿ ಬಂದವರು ಡಬ್ಲಿನ್‌ನ ಪ್ರಸೂತಿ ತಜ್ಞ ಡಾ. ಪೀಟರ್ ಬಾಯ್ಲನ್. ಅವರು ಹೇಳಿದ್ದರ ತಿರುಳು ಇಷ್ಟು: ಸೋಮವಾರ ಅಥವಾ ಮಂಗಳವಾರ ಗರ್ಭ ತೆಗೆದಿದ್ದರೆ ಸವಿತಾ ಬಹುತೇಕ ಉಳೀತಿದ್ದರು. ಆದ್ರೆ ಅವತ್ತು ಅವರ ಜೀವಕ್ಕೆ ಅಪಾಯ ಕಾಣಿಸ್ತಿರಲಿಲ್ಲ, ಹಾಗಾಗಿ ಕಾನೂನು ಬಿಡ್ತಿರಲಿಲ್ಲ. ಬುಧವಾರ ಅಪಾಯ ಕಾಣಿಸಿತು, ಕಾನೂನು ಬಿಡ್ತಿತ್ತು. ಆದ್ರೆ ಅಷ್ಟೊತ್ತಿಗೆ ತಡವಾಗಿತ್ತು.

ಈ ಮಾತನ್ನ ಇನ್ನೊಂದು ಸಲ ಓದಿ. ಉಳಿಸೋ ಹೊತ್ತಿನಲ್ಲಿ ಅನುಮತಿ ಇಲ್ಲ, ಅನುಮತಿ ಸಿಗೋ ಹೊತ್ತಿಗೆ ಉಳಿಸೋ ಸಮಯ ಇಲ್ಲ.

ಏಪ್ರಿಲ್ 19ರಂದು ಜೂರಿ ಒಮ್ಮತದಿಂದ ‘ವೈದ್ಯಕೀಯ ಅವಘಡ’ ಅಂತ ತೀರ್ಪು ಕೊಟ್ಟಿತು. ಕೊರೋನರ್ ಮುಂದಿಟ್ಟ ಒಂಬತ್ತು ಶಿಫಾರಸುಗಳನ್ನೂ ಜೂರಿ ಒಪ್ಪಿತು. ಗರ್ಭ ತೆಗೆಯೋಕೆ ಯಾವಾಗ ಅವಕಾಶ ಇದೆ ಅಂತ ಡಾಕ್ಟರುಗಳಿಗೆ ಸ್ಪಷ್ಟವಾಗಿ ತಿಳಿಸಬೇಕು ಅನ್ನೋದು ಅದರಲ್ಲಿ ಒಂದು. ಸೆಪ್ಸಿಸ್ ನಿಭಾಯಿಸೋಕೆ ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ಕ್ರಮ ಇರಬೇಕು ಅನ್ನೋದು ಇನ್ನೊಂದು.

ನಾಲ್ಕನೇ ಬಾಗಿಲು: ವ್ಯವಸ್ಥೆಯ ತನಿಖೆ

ಒಬ್ಬ ನರ್ಸು, ಒಬ್ಬ ಡಾಕ್ಟರು ಏನು ಮಾಡಿದರು ಅನ್ನೋದು ಇನ್‌ಕ್ವೆಸ್ಟ್‌ನಲ್ಲಿ ಗೊತ್ತಾಯಿತು. ಆಸ್ಪತ್ರೆ ಅನ್ನೋ ದೊಡ್ಡ ಯಂತ್ರ ಯಾಕೆ ಹೀಗೆ ಓಡುತ್ತೆ ಅನ್ನೋದಕ್ಕೆ ಎರಡು ವರದಿ ಬಂದವು.

ಅರುಳ್‌ಕುಮಾರನ್ ವರದಿ ಪ್ರಕಟವಾದದ್ದು 2013ರ ಜೂನ್‌ನಲ್ಲಿ. ಅದು ಮುಖ್ಯವಾಗಿ ಮೂರು ಕಾರಣ ಹೇಳಿತು. ಒಂದು, ರೋಗಿಯ ಸ್ಥಿತಿಯನ್ನ ಸರಿಯಾಗಿ ಅಳೆಯಲಿಲ್ಲ, ಗಮನಿಸಲಿಲ್ಲ. ಎರಡು, ಸೋಂಕಿನ ಅಪಾಯ ಏರುತ್ತಿರುವಾಗಲೂ ಇರುವ ಎಲ್ಲ ಚಿಕಿತ್ಸೆಯ ದಾರಿಗಳನ್ನ ಅವರ ಮುಂದಿಡಲಿಲ್ಲ, ಎದೆಬಡಿತ ನಿಲ್ಲಲಿ ಅಂತ ಕಾದರು. ಮೂರು, ಸೆಪ್ಸಿಸ್‌ಗೆ ಇದ್ದ ಮಾರ್ಗಸೂಚಿ ಪಾಲಿಸಲಿಲ್ಲ. ಕಾನೂನಿನ ಬಗ್ಗೆಯೂ ವರದಿ ಸುಮ್ಮನಿರಲಿಲ್ಲ. ಇಂಥ ಸಂದರ್ಭಕ್ಕೆ ಕಾನೂನನ್ನ, ಬೇಕಾದರೆ ಸಂವಿಧಾನವನ್ನೂ, ಮರುಪರಿಶೀಲಿಸಿ ಅಂತ ಶಾಸಕರಿಗೆ ಹೇಳಿತು.

ಎರಡನೆಯದು ಅಲ್ಲಿನ ಆರೋಗ್ಯ ಗುಣಮಟ್ಟ ನೋಡೋ ಸ್ವತಂತ್ರ ಸಂಸ್ಥೆ ಹಿಕ್ವಾದ ವರದಿ. 2013ರ ಅಕ್ಟೋಬರ್ 9ರಂದು ಬಂತು. ಸವಿತಾರನ್ನ ಉಳಿಸೋ ದಿಕ್ಕಿಗೆ ತಿರುಗಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವು ಅಂತ ಅದು ಪಟ್ಟಿ ಮಾಡಿತು.

ಆ ವರದಿಯಲ್ಲಿ ಇನ್ನೊಂದು ಸಂಗತಿ ಇತ್ತು. 2007ರಲ್ಲೇ ಡ್ರಾಹೆಡಾ ಊರಿನ ಆಸ್ಪತ್ರೆಯಲ್ಲಿ ಒಬ್ಬ ಐರಿಶ್ ಗರ್ಭಿಣಿ ಹೀಗೇ ಸೆಪ್ಸಿಸ್‌ನಿಂದ ತೀರಿಕೊಂಡಿದ್ದರು. ಆಗಲೂ ತನಿಖೆಯಾಗಿತ್ತು, ಶಿಫಾರಸು ಬಂದಿತ್ತು. ಹೆಚ್ಚಿನ ಆಸ್ಪತ್ರೆಗಳು ಅವನ್ನ ಪೂರ್ತಿ ಜಾರಿ ಮಾಡಿರಲಿಲ್ಲ. ಅಂದ್ರೆ ಸವಿತಾರ ಸಾವಿಗೆ ಬೇಕಾಗಿದ್ದ ಎಚ್ಚರಿಕೆ ಕೆಲವು ವರ್ಷ ಮೊದಲೇ ಕಾಗದದ ಮೇಲಿತ್ತು.

ಹಾಗಾದ್ರೆ ಕಾರಣ ಯಾವುದು, ಕಾನೂನಾ, ನಿರ್ಲಕ್ಷ್ಯನಾ? ಐರ್ಲೆಂಡ್‌ನಲ್ಲಿ ಈ ಜಗಳ ವರ್ಷಗಟ್ಟಲೆ ನಡೆಯಿತು. ಸೆಪ್ಸಿಸ್ ಬೇಗ ಗುರುತಿಸಿದ್ದರೆ ಸಾಕಿತ್ತು ಅಂತ ಒಂದು ಪಕ್ಷ. ಕಾನೂನು ಕೈ ಕಟ್ಟಿಹಾಕಿತ್ತು ಅಂತ ಇನ್ನೊಂದು. ವರದಿಗಳನ್ನ ಓದಿದ ಮೇಲೆ ನನಗೆ ಅನ್ನಿಸಿದ್ದು, ಇವು ಒಂದನ್ನೊಂದು ಅಳಿಸಿಹಾಕೋ ಉತ್ತರಗಳಲ್ಲ. ಕಾಯೋ ಹಾಗೆ ಮಾಡಿದ್ದು ಕಾನೂನು. ಕಾಯುವಾಗ ಕಣ್ಣಿಟ್ಟು ನೋಡದೇ ಇದ್ದದ್ದು ಆಸ್ಪತ್ರೆ.

ಕಾನೂನಿನ ಹಿನ್ನೆಲೆ, ಎರಡೇ ನಿಮಿಷ

ಐರ್ಲೆಂಡ್ 1983ರಲ್ಲಿ ಜನಮತ ತಗೊಂಡು ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿತು. ಹುಟ್ಟದ ಮಗುವಿನ ಬದುಕುವ ಹಕ್ಕೂ ತಾಯಿಯ ಬದುಕುವ ಹಕ್ಕೂ ಸಮ ಅಂತ ಅದರ ಅರ್ಥ. 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯ ಇದ್ದರೆ ಮಾತ್ರ ಗರ್ಭಪಾತ ಮಾಡಬಹುದು ಅಂದಿತು. ಎಷ್ಟು ಅಪಾಯ ಆದರೆ ‘ಗಣನೀಯ’? ಅದನ್ನ ಬಿಡಿಸಿ ಹೇಳೋ ಕಾಯ್ದೆಯನ್ನ 20 ವರ್ಷ ಯಾರೂ ಮಾಡಲಿಲ್ಲ. ಭಾರತದಲ್ಲಿ 1971ರಿಂದಲೇ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ. 2012ರಲ್ಲಿ ಇಲ್ಲಿ, ತಾಯಿಯ ಆರೋಗ್ಯಕ್ಕೆ ಗಂಭೀರ ಹಾನಿ ಆಗೋ ಹಾಗಿದ್ದರೆ, 20 ವಾರದವರೆಗೆ ಅವಕಾಶ ಇತ್ತು. ಬೆಳಗಾವಿಯ ಕುಟುಂಬಕ್ಕೆ ಆ ‘ಆಗೋದಿಲ್ಲ’ ಅರ್ಥವೇ ಆಗದೇ ಇದ್ದದ್ದು ಇದಕ್ಕೇ.

ಸವಿತಾ ಸತ್ತ ಮರುವರ್ಷ, 2013ರ ಜುಲೈನಲ್ಲಿ, ತಾಯಿಯ ಜೀವ ಉಳಿಸೋ ಸಂದರ್ಭಗಳಿಗೆ ಒಂದು ಕಾಯ್ದೆ ಬಂತು. 2018ರ ಮೇ 25ರಂದು ಎಂಟನೇ ತಿದ್ದುಪಡಿ ತೆಗೆಯೋ ಬಗ್ಗೆ ಮತ್ತೆ ಜನಮತ ನಡೆಯಿತು. ಅದಕ್ಕೂ ಮುಂಚೆ ಸವಿತಾರ ಅಪ್ಪ ಅಮ್ಮ ಬೆಳಗಾವಿಯ ಮನೆಯಿಂದಲೇ ವಿಡಿಯೊದಲ್ಲಿ ಐರ್ಲೆಂಡ್ ಜನರನ್ನ ಕೇಳಿಕೊಂಡಿದ್ದರು: ನಮ್ಮ ಮಗಳನ್ನ ನೆನಪು ಮಾಡಿಕೊಂಡು ಮತ ಹಾಕಿ ಅಂತ. 66.4 ಶೇಕಡಾ ಜನ ತೆಗೆಯಿರಿ ಅಂದರು. ಹೊಸ ಕಾನೂನು 2019ರ ಜನವರಿ 1ರಿಂದ ಜಾರಿಗೆ ಬಂತು. ಅದಕ್ಕೆ ಮಗಳ ಹೆಸರಿಡಿ ಅಂತ ಅಂದಾನಪ್ಪ ಅವರು ಕೇಳಿದ್ದರು. ಕಾಯ್ದೆ ಪುಸ್ತಕದಲ್ಲಿ ಆ ಹೆಸರು ಬರಲಿಲ್ಲ.

ಸಿಗದೇ ಹೋದ ಉತ್ತರ

‘ಹಾಗಾದ್ರೆ ಹೊಣೆ ಯಾರದ್ದು?’ ಇನ್‌ಕ್ವೆಸ್ಟ್‌ಗೆ ಅದನ್ನ ಹೇಳೋ ಅಧಿಕಾರ ಇರಲಿಲ್ಲ. ವರದಿಗಳು ವ್ಯವಸ್ಥೆಯ ಬಗ್ಗೆ ಮಾತಾಡಿದವು, ವ್ಯಕ್ತಿಗಳ ಬಗ್ಗೆ ಅಲ್ಲ. ಪ್ರವೀಣ ಹೂಡಿದ್ದ ಪರಿಹಾರದ ದಾವೆ 2016ರಲ್ಲಿ ರಾಜಿಯಲ್ಲಿ ಮುಗಿಯಿತು. ಹೊಣೆ ಯಾರದ್ದು ಅಂತ ನ್ಯಾಯಾಲಯವೊಂದು ಬಾಯಿಬಿಟ್ಟು ಹೇಳೋದು ಉಳಿದೇ ಹೋಯಿತು. ಇದನ್ನ ಮುಚ್ಚಿಟ್ಟು, ‘ನ್ಯಾಯ ಗೆದ್ದಿತು’ ಅಂತ ಕಥೆ ಮುಗಿಸೋಕೆ ನನಗೆ ಮನಸ್ಸಿಲ್ಲ.

ನಮ್ಮ ಮನೆಗೆ ಅಂಥ ಫೋನ್ ಬಂದರೆ?

ಬರದಿರಲಿ. ಆದ್ರೂ ತಿಳ್ಕೊಂಡಿರೋಣ. ಮನೆಯಲ್ಲಿ ಇಂಗ್ಲಿಷ್ ಇಮೇಲ್ ಬರೆಯೋರು, ಫಾರಂ ತುಂಬೋರು ನೀವೇ ಆಗಿರ್ತೀರಿ.

ಒಂದು. ದೇಹ ಬೇಗ ತರಿಸಿಕೊಳ್ಳಬೇಕು ಅನ್ನೋ ಆತುರ ಸಹಜ. ಆದ್ರೆ ಅನುಮಾನ ಇದ್ದರೆ ಮೊದಲು ಕೇಳಿ: ಅಲ್ಲಿ ಪೋಸ್ಟ್‌ಮಾರ್ಟಂ ಆಯ್ತಾ, ಯಾರು ಮಾಡಿದರು, ವರದಿ ನಮಗೆ ಯಾವಾಗ ಕೊಡ್ತಾರೆ? ವಿಮಾನದಲ್ಲಿ ತರೋಕೆ ದೇಹಕ್ಕೆ ರಾಸಾಯನಿಕ ಹಾಕಿ ಕೆಡದಂತೆ ಮಾಡ್ತಾರೆ. ಅದಾದ ಮೇಲೆ ಇಲ್ಲಿ ಎರಡನೇ ಸಲ ಪರೀಕ್ಷೆ ಮಾಡಿಸಿದರೆ, ಅದರಲ್ಲೂ ವಿಷದ ಅನುಮಾನ ಇದ್ದರೆ, ಎಷ್ಟೋ ಸುಳಿವು ಸಿಗೋದೇ ಇಲ್ಲ.

ಎರಡು. ದೇಹ ತರಲು ಸಾಮಾನ್ಯವಾಗಿ ಬೇಕಾಗೋದು ಅಲ್ಲಿನ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಮಾಡಿದ್ದರ ಪ್ರಮಾಣಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್, ಭಾರತದ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ. ವಿಮಾನ ನಿಲ್ದಾಣದ ಆರೋಗ್ಯ ಅನುಮತಿಗೆ 2023ರಿಂದ ಇ-ಕೇರ್ ಅನ್ನೋ ಕೇಂದ್ರ ಸರ್ಕಾರದ ಪೋರ್ಟಲ್ ಇದೆ. ಹಣ ಇಲ್ಲದ ಕುಟುಂಬಕ್ಕೆ ಸಹಾಯ ಮಾಡೋಕೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಸಂಕೋಚ ಬೇಡ, ಹೆಸರು ಹೇಳಿ ಕೇಳಿ.

ಮೂರು. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ 2015ರಿಂದ ಇದೆ. ಅಲ್ಲಿ ದೂರು ಹಾಕಿದರೆ ನಂಬರ್ ಸಿಗುತ್ತೆ. ಫೋನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತೆ, ನಂಬರ್ ಉಳಿಯುತ್ತೆ. ರಾಯಭಾರ ಕಚೇರಿಯ ಕಡತದಲ್ಲಿ ಏನಿದೆ ಅಂತ ಮಾಹಿತಿ ಹಕ್ಕಿನಲ್ಲೂ ಕೇಳಬಹುದು.

ನಾಲ್ಕು. ಆ ದೇಶದಲ್ಲಿ ಸಾವಿನ ತನಿಖೆ ಯಾರದ್ದು ಅಂತ ಮೊದಲೇ ತಿಳ್ಕೊಳ್ಳಿ. ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಕೊರೋನರ್ ಇರ್ತಾರೆ. ಅಮೆರಿಕದಲ್ಲಿ ಕೆಲವು ಕಡೆ ಕೊರೋನರ್, ಕೆಲವು ಕಡೆ ಮೆಡಿಕಲ್ ಎಕ್ಸಾಮಿನರ್. ಗಲ್ಫ್‌ನಲ್ಲಿ ಈ ಪದ್ಧತಿ ಇಲ್ಲ, ಪೊಲೀಸರು ಮತ್ತು ಪ್ರಾಸಿಕ್ಯೂಷನ್ ಇಲಾಖೆ ನೋಡ್ತಾರೆ. ಕೊರೋನರ್ ಇರೋ ಕಡೆ, ನಾವು ಕುಟುಂಬದವರು, ವಿಚಾರಣೆಯ ದಿನಾಂಕ ನಮಗೆ ತಿಳಿಸಿ, ನಮಗೆ ಪ್ರಶ್ನೆಗಳಿವೆ ಅಂತ ಲಿಖಿತವಾಗಿ ಬರೆಯಿರಿ.

ಐದು. ಬರೆದಿಡಿ. ಯಾರು ಯಾವಾಗ ಫೋನ್ ಮಾಡಿದರು, ಏನು ಹೇಳಿದರು. ವಾಟ್ಸ್ಆ್ಯಪ್ ಮೆಸೇಜು, ವಾಯ್ಸ್ ನೋಟ್, ಕಾಲ್ ಹಿಸ್ಟರಿ ಅಳಿಸಬೇಡಿ, ಬ್ಯಾಕಪ್ ತಗೊಳ್ಳಿ. ಆಸ್ಪತ್ರೆಯ ಪೂರ್ತಿ ಫೈಲ್ ಕೇಳಿ, ಸಾರಾಂಶ ಸಾಲದು. ಓದುವಾಗ ಅಲ್ಲಿ ಇರೋದನ್ನ ಮಾತ್ರ ಅಲ್ಲ, ಇರಬೇಕಾಗಿದ್ದು ಏನಿಲ್ಲ ಅಂತಲೂ ನೋಡಿ.

ಕೊನೆಯದಾಗಿ, ‘ಯಾಕೆ ಸತ್ತರು’ ಅಂತ ಇಡಿಯಾಗಿ ಕೇಳಿದರೆ ಎಲ್ಲರೂ ಸಂತಾಪ ಹೇಳಿ ಕಳಿಸ್ತಾರೆ. ಅದನ್ನೇ ಒಡೆದು ಕೇಳಿ. ದೇಹಕ್ಕೆ ಏನಾಯಿತು? ಆ ಹೊತ್ತಿನಲ್ಲಿ ಹತ್ತಿರ ಇದ್ದವರು ಏನು ಮಾಡಿದರು, ಏನು ಮಾಡಲಿಲ್ಲ? ಹಾಗೆ ಮಾಡೋಕೆ ಯಾವ ನಿಯಮ ಬಿಟ್ಟಿತು, ಯಾವ ನಿಯಮ ತಡೆಯಿತು? ಹಿಂದೆ ಹೀಗೆ ಆಗಿತ್ತಾ? ಒಂದೊಂದಕ್ಕೂ ಉತ್ತರ ಕೊಡಬೇಕಾದ ಕಚೇರಿ ಬೇರೆ ಬೇರೆ. ಸವಿತಾರ ಮನೆಯವರಿಗೆ ಮುಖ್ಯ ಉತ್ತರಗಳೆಲ್ಲ ಸಿಗೋಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಪ್ರತಿ ಕಚೇರಿಯೂ ಇಷ್ಟಕ್ಕೆ ಸಾಕು ಅಂದಾಗ, ಸಾಲದು ಅಂತ ಹೇಳೋಕೆ ಒಬ್ಬರು ಇದ್ದರು.

ನಿಮ್ಮ ಅಣ್ಣನೋ ಅಕ್ಕನೋ ಗೆಳತಿಯೋ ಹೊರದೇಶದಲ್ಲಿದ್ದರೆ ಈ ಎಪಿಸೋಡ್ ಅವರಿಗೂ ಕಳಿಸಿ. ಜೊತೆಗೆ ಒಂದು ಕೆಲಸ: ಅವರ ಪಾಸ್‌ಪೋರ್ಟ್ ಪ್ರತಿ, ಕೆಲಸದ ಅಥವಾ ಕಾಲೇಜಿನ ವಿಳಾಸ, ಅಲ್ಲಿರೋ ಇಬ್ಬರು ಸ್ನೇಹಿತರ ನಂಬರ್ ಇವತ್ತೇ ತಗೊಂಡು ಮನೆಯಲ್ಲಿ ಒಂದು ಕಡೆ ಇಡಿ. ಐದು ನಿಮಿಷದ ಕೆಲಸ.